ಕಾರ್ಡು ಕೆಟ್ಟಿಲ್ಲ, ಮಾತು ಕಟ್ಟಿದೆ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಗಾಜಿನ ಸೌಧಗಳನ್ನೂ ಚಂದಾಪುರದ ಜನಸಂದಣಿಯನ್ನೂ ದಾಟಿ ಮುಂದೆ ಸಾಗಿದರೆ, ರಾಜ್ಯದ ಹೊಸ್ತಿಲಿನಂತೆ ಸಿಗುವ ಊರು ಅತ್ತಿಬೆಲೆ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರಿನ ಪಕ್ಕದಲ್ಲೇ ಕೈಗಾರಿಕಾ ಪ್ರದೇಶ. ಅಲ್ಲಿನ ಒಂದು ಸಣ್ಣ ಶೆಡ್ಡನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಚಿತ್ರ ಕಲ್ಪಿತವಾದದ್ದು, ಆದರೆ ಅದರೊಳಗಿನ ಯಂತ್ರಗಳಾಗಲಿ ತೊಡಕಾಗಲಿ ಕಲ್ಪಿತವಲ್ಲ.

ಅಂದು ಆಯುಧಪೂಜೆ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದಾಗಿತ್ತು. ಕೊಟ್ಟ ಆಜ್ಞೆಗಳಂತೆ ತಾನೇ ಲೋಹವನ್ನು ಕಡೆಯುವ ಹಳೆಯ ಸಿ.ಎನ್.ಸಿ. ಲೇತು ಚೆಂಡುಹೂವಿನ ಹಾರ ಧರಿಸಿ ವಿಶ್ರಾಂತಿ ಪಡೆಯುತ್ತಿತ್ತು. ಅದರ ಪಕ್ಕದ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು. ಅದಕ್ಕೂ ಅರಿಶಿನ ಕುಂಕುಮ ಸಂದಿತ್ತು. ಸಲ್ಲಬೇಕಾದದ್ದೇ. ಲೇತಿಗೆ ಪಾಠ ಹೇಳಿಕೊಡುವ ಗುರು ಆ ಲ್ಯಾಪ್‌ಟಾಪೇ. ಅದರ ಮಗ್ಗುಲಿನ ಸೀಳಿನಲ್ಲಿ ಸಿಕ್ಕಿಸಿದ್ದ ಒಂದು ಚಿಕ್ಕ ಕಾರ್ಡಿನಿಂದ ಹೊರಟ ಕೇಬಲ್ಲು ಲೇತಿನ ಬೆನ್ನಿಗೆ ಸೇರಿತ್ತು. ಯಾವ ಬುಷ್ಷನ್ನು ಎಷ್ಟು ಕಡೆಯಬೇಕೆಂಬ ಆಜ್ಞೆಗಳೆಲ್ಲ ಆ ಕೇಬಲ್ಲಿನಲ್ಲಿ ಹರಿದು ಬರುತ್ತಿದ್ದವು.

ಅದೇ ಲ್ಯಾಪ್‌ಟಾಪಿನಲ್ಲಿ ಶೆಡ್ಡಿನ ಲೆಕ್ಕಪತ್ರಗಳೂ ನಡೆಯುತ್ತಿದ್ದವು. ಅದರಲ್ಲಿದ್ದುದು ವಿಂಡೋಸ್ 7. ಈ ಆವೃತ್ತಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲ 2020ರ ಜನವರಿ 14ರಂದೇ ಮುಗಿದಿತ್ತು. 2023ರ ಆರಂಭದಲ್ಲಿ ಗೂಗಲ್ ಕ್ರೋಮ್ ಬ್ರೌಸರು ಕೂಡ ಅದರ ಕೈಬಿಟ್ಟಿತು. ಬ್ಯಾಂಕಿನ ಪುಟ ತೆರೆಯುವುದು, ತೆರಿಗೆಯ ಲೆಕ್ಕ ಸಲ್ಲಿಸುವುದು ದಿನದಿನಕ್ಕೆ ಕಷ್ಟವಾಗುತ್ತ ಬಂದಿತು. ರಜೆಗೆಂದು ಮನೆಗೆ ಬಂದಿದ್ದ ಯಜಮಾನರ ಮಗ, ಹಬ್ಬದ ದಿನ ಹಳೆಯ ಲ್ಯಾಪ್‌ಟಾಪಿಗೂ ಹೊಸ ಬಟ್ಟೆ ಉಡಿಸೋಣವೆಂದು ವಿಂಡೋಸ್ 10 ಹಾಕಿದ. ಎಲ್ಲವೂ ಸುಸೂತ್ರವಾಗಿಯೇ ಮುಗಿಯಿತು. ಲೆಕ್ಕದ ಕಡತಗಳು ಇದ್ದಲ್ಲಿಯೇ ಇದ್ದವು. ಬ್ಯಾಂಕಿನ ಪುಟ ಥಟ್ಟನೆ ತೆರೆಯಿತು. ತಂದೆ ಸಂತೋಷಪಟ್ಟರು.

ವಿಜಯದಶಮಿಯ ಮರುದಿನ ಬೆಳಗ್ಗೆ ಮೇಸ್ತ್ರಿ ಹೊಸ ಕೆಲಸದ ಆಜ್ಞಾಪಟ್ಟಿಯನ್ನು ಲೇತಿಗೆ ಕಳುಹಿಸಲು ಗುಂಡಿ ಒತ್ತಿದ. ಲೇತು ಮಿಸುಕಲಿಲ್ಲ. ಮತ್ತೆ ಒತ್ತಿದ. ಕೇಬಲ್ಲನ್ನು ಬಿಚ್ಚಿ ಹಾಕಿದ್ದಾಯಿತು. ಕಾರ್ಡನ್ನು ಹೊರಗೆಳೆದು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದ್ದಾಯಿತು.

“ಕಾರ್ಡು ಸುಟ್ಟುಹೋಗಿರಬೇಕು ಯಜಮಾನರೇ,” ಎಂದ ಮೇಸ್ತ್ರಿ.

“ಹಬ್ಬದ ಹಿಂದಿನ ದಿನ ಸರಿಯಾಗಿತ್ತಲ್ಲಪ್ಪ! ಏನು ಮಾಡಿದೆ ಇದಕ್ಕೆ?” ಎಂದು ತಂದೆ ಮಗನತ್ತ ತಿರುಗಿದರು.

“ಏನೂ ಮಾಡಿಲ್ಲ ಅಪ್ಪ. ಹೊಸದು ಹಾಕಿದೆ, ಅಷ್ಟೆ.”

ಆ ‘ಅಷ್ಟೆ’ ಎಂಬುದರಲ್ಲಿಯೇ ಇತ್ತು ಎಲ್ಲ ಕಥೆ. ಹೊಸೂರಿನ ಕಾರ್ಖಾನೆಗೆ ಶನಿವಾರದೊಳಗೆ ಬುಷ್ಷುಗಳು ತಲುಪಬೇಕು. ಲೇತು ನಿಂತರೆ ನಾಲ್ವರ ಕೂಲಿ ನಿಲ್ಲುತ್ತದೆ. ಮಾತು ತಪ್ಪಿದರೆ ಮುಂದಿನ ಆರ್ಡರು ಬೇರೆಯ ಶೆಡ್ಡಿಗೆ ಹೋಗುತ್ತದೆ. ಮೇಸ್ತ್ರಿ ಕನ್ನಡಕ ಏರಿಸಿಕೊಂಡು, ಆಜ್ಞೆಗಳನ್ನು ಕಾಗದದಿಂದ ಓದಿ ಓದಿ ಲೇತಿನ ಫಲಕದಲ್ಲಿ ಒಂದೊಂದಾಗಿ ಕೈಯಿಂದಲೇ ಒತ್ತತೊಡಗಿದ. ಇದು ಸಾಮಾನ್ಯ ಸಾಹಸವಲ್ಲ. ಅಂಥ ಹಲವು ಹಳೆಯ ಯಂತ್ರಗಳಲ್ಲಿ ಅಂಕಿಯ ಮುಂದಿನ ದಶಮಾಂಶ ಚುಕ್ಕೆಯೊಂದನ್ನು ಮರೆತರೆ 50 ಮಿಲಿಮೀಟರು ಎಂಬುದು 50 ಮೈಕ್ರಾನು ಎಂದಾಗಿಬಿಡುತ್ತದೆ. ಉಳಿಯು ಹೋಗಬಾರದ ಕಡೆಗೆ ಹೋಗಿ ಬಡಿಯುತ್ತದೆ.

ಚಿಕ್ಕ ಅತಿಥಿಯ ಪೂರ್ವವೃತ್ತ

ಲ್ಯಾಪ್‌ಟಾಪೆಂಬುದು ಮೊದಲಿನಿಂದಲೂ ಇಕ್ಕಟ್ಟಿನ ಮನೆ. ಮೇಜಿನ ಗಣಕಯಂತ್ರವಾದರೆ ಮುಚ್ಚಳ ಬಿಚ್ಚಿ ಬೇಕಾದ ಕಾರ್ಡುಗಳನ್ನು ಒಳಗೆ ನೆಡಬಹುದು. ಇಲ್ಲಿ ಅದಕ್ಕೆ ಎಡೆಯಿಲ್ಲ. ಆದ್ದರಿಂದ ಹೊರಗಿನಿಂದಲೇ ಸಿಕ್ಕಿಸುವ ಕಾರ್ಡಿನ ಉಪಾಯ ಹುಟ್ಟಿತು. 1989ರಲ್ಲಿ ಅಮೆರಿಕದಲ್ಲಿ ಅನೇಕ ತಯಾರಕರು ಕೂಡಿ ಪಿ.ಸಿ.ಎಂ.ಸಿ.ಐ.ಎ. ಎಂಬ ಸಂಘವನ್ನು ಕಟ್ಟಿಕೊಂಡರು. 1990ರಲ್ಲಿ ಅದರ ಮೊದಲ ಮಾನಕ ಹೊರಬಿದ್ದಿತು. 85.6 ಮಿಲಿಮೀಟರು ಉದ್ದ, 54 ಮಿಲಿಮೀಟರು ಅಗಲ: ಇಂದಿನ ಬ್ಯಾಂಕಿನ ಎ.ಟಿ.ಎಂ. ಕಾರ್ಡಿನದೇ ಅಳತೆ, ದಪ್ಪ ಮಾತ್ರ ಹೆಚ್ಚು. ಮೊದಲು ಸ್ಮೃತಿ ಹೆಚ್ಚಿಸುವುದಕ್ಕೆಂದು ಬಂದ ಈ ಕಾರ್ಡು ಆಮೇಲೆ ಮೋಡೆಮ್ಮಾಯಿತು, ಜಾಲಕ್ಕೆ ಕೊಂಡಿಯಾಯಿತು. ನಮ್ಮಲ್ಲಿ ಮೊಬೈಲು ಸಂಸ್ಥೆಗಳು ‘ಡೇಟಾ ಕಾರ್ಡು’ ಎಂದು ಮಾರುತ್ತಿದ್ದವುಗಳಲ್ಲಿ ಮೊದಮೊದಲಿನವು ಇದೇ ಆಕಾರದವು.

2003ರಲ್ಲಿ ಇದರ ತಮ್ಮನಾಗಿ ಎಕ್ಸ್‌ಪ್ರೆಸ್‌ಕಾರ್ಡು ಬಂದಿತು. 34 ಮಿಲಿಮೀಟರು ಅಗಲ, 75 ಮಿಲಿಮೀಟರು ಉದ್ದ, 5 ಮಿಲಿಮೀಟರು ದಪ್ಪ. ಅಣ್ಣನ ಸೀಳಿಗೆ ತಮ್ಮ ಹೊಂದಲಿಲ್ಲ. ತಮ್ಮನ ಸೀಳಿಗೆ ಅಣ್ಣ ಹೊಂದಲಿಲ್ಲ. ಆ ಹೊತ್ತಿಗೆ ಯು.ಎಸ್.ಬಿ. ಎಂಬ ಸೋದರಸಂಬಂಧಿ ಮನೆಯನ್ನೆಲ್ಲ ಆಕ್ರಮಿಸುತ್ತಿದ್ದ. 2009ರಲ್ಲಿ ಪಿ.ಸಿ.ಎಂ.ಸಿ.ಐ.ಎ. ತನ್ನ ಮಾನಕಗಳನ್ನು ಯು.ಎಸ್.ಬಿ. ಸಂಘದ ವಶಕ್ಕೆ ಕೊಟ್ಟು ಬಾಗಿಲು ಹಾಕಿಕೊಂಡಿತು. ಆದರೆ ಕಾರ್ಖಾನೆಗಳಲ್ಲಿ ಅದರ ಕಾರ್ಡುಗಳು ದುಡಿಯುತ್ತಲೇ ಉಳಿದವು. ಹೊಸ ಲ್ಯಾಪ್‌ಟಾಪುಗಳಲ್ಲಿ ಹಳೆಯ ಲೇತಿಗೆ ಬೇಕಾದ ಸೀರಿಯಲ್ ಪೋರ್ಟು ಇರುವುದಿಲ್ಲ. ಆ ಪೋರ್ಟನ್ನು ಒದಗಿಸುತ್ತಿದ್ದುದು ಕಾರ್ಡೇ. ಅತ್ತಿಬೆಲೆಯ ಶೆಡ್ಡಿನಲ್ಲಿದ್ದುದೂ ಅಂಥದೇ.

ಗಡಿಯಲ್ಲಿ ನಿಂತ ದುಭಾಷಿ

ಹಾಗಾದರೆ ಹಬ್ಬದ ರಾತ್ರಿ ಕಾರ್ಡಿಗೆ ಏನಾಯಿತು? ಏನೂ ಆಗಲಿಲ್ಲ! ಅದೇ ಇಲ್ಲಿನ ಸ್ವಾರಸ್ಯ. ಅದರ ಚಿಪ್ಪು ಸುಟ್ಟಿರಲಿಲ್ಲ, ತಂತಿ ಕಡಿದಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ. ಅದರ ಮಾತನ್ನು ಲ್ಯಾಪ್‌ಟಾಪಿಗೆ ತಿಳಿಸಿ ಹೇಳುತ್ತಿದ್ದವನೊಬ್ಬ ಮನೆ ಬಿಟ್ಟು ಹೋಗಿದ್ದ. ಆತನ ಹೆಸರು ‘ಡ್ರೈವರು’.

ಹೊಸೂರು ರಸ್ತೆಯಲ್ಲಿ ಡ್ರೈವರೆಂದರೆ ಲಾರಿಯ ಚಕ್ರ ಹಿಡಿದವನು. ಗಣಕಯಂತ್ರದ ಡ್ರೈವರು ಏನನ್ನೂ ನಡೆಸುವವನಲ್ಲ, ಅವನು ದುಭಾಷಿ. ಪ್ರತಿಯೊಂದು ಕಾರ್ಡಿನ ಚಿಪ್ಪಿಗೂ ಅದನ್ನು ಮಾಡಿದವರು ಕಲಿಸಿದ ಒಂದು ಮನೆಮಾತಿದೆ. ವಿಂಡೋಸ್ ಮುಂತಾದ ಕಾರ್ಯನಿರ್ವಹಣಾ ವ್ಯವಸ್ಥೆಗೆ ಆ ಸಾವಿರಾರು ಮನೆಮಾತುಗಳು ತಿಳಿಯವು. ‘ಈ ಅಕ್ಷರವನ್ನು ಲೇತಿಗೆ ಕಳುಹಿಸು’ ಎಂದು ವ್ಯವಸ್ಥೆ ಹೇಳಿದರೆ, ಡ್ರೈವರೆಂಬ ಪುಟ್ಟ ತಂತ್ರಾಂಶ ಅದನ್ನು ಕಾರ್ಡಿನ ಮಾತಿಗೆ ತಿರುಗಿಸುತ್ತದೆ. ಕಾರ್ಡಿನ ಉತ್ತರವನ್ನು ವ್ಯವಸ್ಥೆಯ ಮಾತಿಗೆ ತರುತ್ತದೆ. ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುವ ಆ ಗಡಿಯ ಸೀಮೆಯವರಿಗೆ ದುಭಾಷಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವ್ಯಾಪಾರಿಗಳಿಬ್ಬರೂ ಆರೋಗ್ಯವಾಗಿದ್ದು, ಸರಕೂ ಸಿದ್ಧವಾಗಿದ್ದು, ನಡುವಿನವನೊಬ್ಬ ಬಾರದಿದ್ದರೆ ವ್ಯಾಪಾರ ನಿಂತಂತೆಯೇ.

ಕಾರ್ಡನ್ನು ಸಿಕ್ಕಿಸಿದಾಗ ವ್ಯವಸ್ಥೆ ಮೊದಲು ಅದರ ಗುರುತು ಕೇಳುತ್ತದೆ. ಕಾರ್ಡು ಎರಡು ಸಂಖ್ಯೆಗಳನ್ನು ಒಪ್ಪಿಸುತ್ತದೆ: ಒಂದು, ಚಿಪ್ಪಿನ ತಯಾರಕರ ಸಂಖ್ಯೆ, ಇನ್ನೊಂದು, ಆ ಚಿಪ್ಪಿನ ಸಂಖ್ಯೆ. ಈ ಸಂಖ್ಯೆಗಳನ್ನು ಸಂಘಗಳು ಹಂಚಿಕೊಡುತ್ತವೆ. ಇಂಟೆಲ್ ಸಂಸ್ಥೆ ತನ್ನ ಪ್ರಸಿದ್ಧ ಚಿಪ್ಪಿನ ನೆನಪಿಗೋ ಎಂಬಂತೆ 8086 ಎಂಬ ಸಂಖ್ಯೆಯನ್ನೇ ಪಡೆದಿದೆ. ವ್ಯವಸ್ಥೆ ಈ ಜೋಡಿಯನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಸರಿಯಾದ ದುಭಾಷಿ ಸಿಕ್ಕಿದರೆ ಕೆಲಸ ಆರಂಭ. ಸಿಗದಿದ್ದರೆ, ಅಥವಾ ಸಿಕ್ಕವನು ಹೊಸ ಮನೆಯ ನಿಯಮಕ್ಕೆ ಒಗ್ಗದಿದ್ದರೆ, ಕಾರ್ಡಿನ ಹೆಸರಿನ ಪಕ್ಕದಲ್ಲಿ ಹಳದಿಯ ಗುರುತೊಂದು ಮೂಡುತ್ತದೆ. ಮಗ ಕೊನೆಗೆ ಕಂಡುಹಿಡಿದದ್ದು ಅದನ್ನೇ.

ಬೀಗ ಬದಲಾಯಿಸಿದವರು ಯಾರು?

ಗಡಿಯ ಹೋಲಿಕೆಯನ್ನೇ ಇನ್ನೂ ಸ್ವಲ್ಪ ಮುಂದುವರಿಸಬಹುದು. ಕರ್ನಾಟಕದಲ್ಲಿ ಸರಕು ಸಾಗಿಸುವವರು ಒಂದು ಕಾಲಕ್ಕೆ ‘ಇ-ಸುಗಮ’ ಪತ್ರ ಹೊಂದಿರಬೇಕಾಗಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಬಳಿಕ ಆ ಏರ್ಪಾಡು ಹೋಗಿ ‘ಇ-ವೇ ಬಿಲ್’ ಬಂದಿತು. ಲಾರಿ ಅದೇ, ಸರಕು ಅದೇ, ರಸ್ತೆಯೂ ಅದೇ. ಹಳೆಯ ಪತ್ರಕ್ಕೆ ಮಾತ್ರ ಬೆಲೆಯಿಲ್ಲ. ಕಾರ್ಯನಿರ್ವಹಣಾ ವ್ಯವಸ್ಥೆಯ ಹೊಸ ಆವೃತ್ತಿ ಬಂದಾಗ ಡ್ರೈವರುಗಳ ಪಾಡು ಹೀಗೆಯೇ ಆಗುತ್ತದೆ.

ಇಂಥ ದೊಡ್ಡ ಬದಲಾವಣೆಗಳು ಹಲವು ಬಾರಿ ನಡೆದಿವೆ. 2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಮನೆಮನೆಗೆ ಬಂದಾಗ, ವಿಂಡೋಸ್ 95ರ ಕಾಲದ ಡ್ರೈವರುಗಳು ನಿರುಪಯುಕ್ತವಾದವು. 2007ರ ಜನವರಿಯಲ್ಲಿ ವಿಸ್ಟಾ ಬಂದಾಗ ಚಿತ್ರಕ್ಕೂ ಶಬ್ದಕ್ಕೂ ಸಂಬಂಧಿಸಿದ ಒಳರಚನೆಯೇ ಬದಲಾಗಿ, ಚೆನ್ನಾಗಿ ಹಾಡುತ್ತಿದ್ದ ಎಷ್ಟೋ ಧ್ವನಿಕಾರ್ಡುಗಳ ಕೊರಳು ಕಟ್ಟಿತು. 64 ಬಿಟ್ಟಿನ ವಿಂಡೋಸ್ 32 ಬಿಟ್ಟಿನ ಡ್ರೈವರನ್ನು ಹತ್ತಿರ ಸೇರಿಸದು; ಅಲ್ಲದೆ ವಿಸ್ಟಾದ ಕಾಲದಿಂದ ಅದು ಡ್ರೈವರಿನ ಮೇಲೆ ಡಿಜಿಟಲ್ ರುಜುವನ್ನೂ ಕೇಳತೊಡಗಿತು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರಲ್ಲಂತೂ 32 ಬಿಟ್ಟಿನ ಆವೃತ್ತಿಯೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುದರಿಂದ, ಶೆಡ್ಡಿನ ಈ ಪ್ರಶ್ನೆ ನಗರದ ಮನೆಗಳ ಪ್ರಶ್ನೆಯೂ ಆಗಿದೆ. ಮಕ್ಕಳ ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡುತ್ತಿದ್ದ ಯಂತ್ರ, ಹಳೆಯ ವೀಡಿಯೋ ಕ್ಯಾಸೆಟ್ಟುಗಳನ್ನು ಗಣಕಕ್ಕೆ ಇಳಿಸುತ್ತಿದ್ದ ಕಾರ್ಡು, ಹತ್ತು ವರ್ಷ ದುಡಿದ ಪ್ರಿಂಟರು ಇವೆಲ್ಲ ಹೊಸ ಮನೆಯಲ್ಲಿ ಮಾತಾಡುವುವೇ ಎಂಬುದನ್ನು ಮೊದಲೇ ವಿಚಾರಿಸಿದವರು ಜಾಣರು.

ಹೊಸ ನಿಯಮಕ್ಕೆ ತಕ್ಕ ಡ್ರೈವರನ್ನು ಬರೆಯಬೇಕಾದವರು ಕಾರ್ಡು ಮಾಡಿದವರು. ಆದರೆ ಮಾರಿಯಾದ ಕಾರ್ಡಿಗೆ ಮತ್ತೆ ದುಡ್ಡು ಹಾಕಲು ಅವರಿಗೆ ಆಸಕ್ತಿಯಿಲ್ಲ. ಕೆಲವರು ಅಂಗಡಿಯನ್ನೇ ಮುಚ್ಚಿರುತ್ತಾರೆ. ಕೆಲವೊಮ್ಮೆ ದುಭಾಷಿಯೇ ಮುನಿಯುವುದೂ ಉಂಟು. ಯು.ಎಸ್.ಬಿ.ಯಿಂದ ಸೀರಿಯಲ್ ಪೋರ್ಟು ಕೊಡುವ ಕೇಬಲ್ಲುಗಳಲ್ಲಿ ಸ್ಕಾಟ್ಲೆಂಡಿನ ಎಫ್‌ಟಿಡಿಐ ಸಂಸ್ಥೆಯ ಚಿಪ್ಪುಗಳು ಹೆಸರುವಾಸಿ. ಅವುಗಳ ನಕಲುಗಳೂ ಪೇಟೆಯಲ್ಲಿ ಹೇರಳ. 2014ರಲ್ಲಿ ಆ ಸಂಸ್ಥೆಯ ಹೊಸ ಡ್ರೈವರು ವಿಂಡೋಸಿನ ಅಪ್‌ಡೇಟಿನೊಡನೆ ಬಂದು, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತು. ಗುರುತು ಕಳೆದುಕೊಂಡ ಕೇಬಲ್ಲು ಯಾರಿಗೂ ಬೇಡವಾಯಿತು. ನಕಲು ಮಾಡಿದವನು ಎಲ್ಲೋ ಇದ್ದ. ದಂಡ ತೆತ್ತವನು ತಿಳಿಯದೆ ಕೊಂಡ ಬಳಕೆದಾರ! ಪ್ರಪಂಚದಾದ್ಯಂತ ಕೂಗೆದ್ದ ಮೇಲೆ ಆ ಡ್ರೈವರನ್ನು ಹಿಂದಕ್ಕೆ ಪಡೆಯಲಾಯಿತು.

ಕಾವಲುಗಾರನ ನ್ಯಾಯ

ಇಷ್ಟೆಲ್ಲ ಕೇಳಿದವರಿಗೆ ಕಾರ್ಯನಿರ್ವಹಣಾ ವ್ಯವಸ್ಥೆಯ ಮೇಲೆ ಕೋಪ ಬರುವುದು ಸಹಜ. ಆದರೆ ಕಾವಲುಗಾರನ ಮಾತನ್ನೂ ಕೇಳಬೇಕು. ಡ್ರೈವರು ಸಾಮಾನ್ಯ ತಂತ್ರಾಂಶದಂತೆ ಹೊರ ಜಗುಲಿಯಲ್ಲಿ ಕೂರುವುದಿಲ್ಲ. ಎಷ್ಟೋ ಡ್ರೈವರುಗಳು ವ್ಯವಸ್ಥೆಯ ಗರ್ಭಗುಡಿಯಲ್ಲೇ ನಿಂತು ಕೆಲಸಮಾಡುತ್ತವೆ. ಅಲ್ಲಿ ಒಬ್ಬ ಎಡವಿದರೆ ಇಡೀ ಯಂತ್ರ ನೆಲಕ್ಕುರುಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯ ಒಂದು ದೋಷಪೂರ್ಣ ಕಡತ ಹೀಗೆ ಒಳಗಿದ್ದ ಅದರ ಡ್ರೈವರಿಗೆ ತಲುಪಿ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ಅಂದು ಭಾರತದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಪೆನ್ನಿನಿಂದ ಬರೆದ ಬೋರ್ಡಿಂಗ್ ಪಾಸು ಕೊಟ್ಟದ್ದು ಅನೇಕರಿಗೆ ನೆನಪಿರಬಹುದು. ಗರ್ಭಗುಡಿಯೊಳಕ್ಕೆ ಯಾರನ್ನು ಬಿಡಬೇಕೆಂದು ಕಾವಲುಗಾರ ಬಿಗಿಯಾದರೆ ಅದು ಕೇವಲ ದರ್ಪವಲ್ಲ.

ಹಳೆಯದರಲ್ಲೇ ಉಳಿಯುತ್ತೇವೆಂಬ ಹಟವೂ ಕ್ಷೇಮವಲ್ಲ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ ಹಬ್ಬಿದಾಗ, ಸರಿಪಡಿಸದೆ ಬಿಟ್ಟಿದ್ದ ವಿಂಡೋಸ್ ಯಂತ್ರಗಳು ಸಾಲುಸಾಲಾಗಿ ಬಲಿಯಾದವು. ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವೂ ನಿಂತಿತು. ಹೊಸದಕ್ಕೆ ಹೋದರೆ ಕಾರ್ಡು ಹೋಗುತ್ತದೆ, ಹಳೆಯದರಲ್ಲಿದ್ದರೆ ಕಳ್ಳ ಬರುತ್ತಾನೆ! ಶೆಡ್ಡಿನ ಯಜಮಾನರ ಇಕ್ಕಟ್ಟು ನಿಜವಾದ ಇಕ್ಕಟ್ಟೇ.

ವಯಸ್ಸಿನ ದೋಷವಲ್ಲ

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಕಾರ್ಡಿನಿಂದ ಲೇತಿಗೆ ಹೋದ ಕೇಬಲ್ಲಿನಲ್ಲಿ ನಡೆಯುತ್ತಿದ್ದ ಸಂಭಾಷಣೆಯ ಮಾನಕ ಆರ್.ಎಸ್.-232. ಅದು ಮೊದಲು ಪ್ರಕಟವಾದದ್ದು 1960ರಲ್ಲಿ. ಮನುಷ್ಯ ಇನ್ನೂ ಚಂದ್ರನ ಮೇಲೆ ಕಾಲಿಡದ ಕಾಲದ ಆ ಮಾತು ಇಂದಿಗೂ ಲೇತಿಗೆ ಅರ್ಥವಾಗುತ್ತದೆ. 2003ರ ಮಾನಕದ ಕಾರ್ಡು ಮೂಕವಾಗಿದೆ. ಅಜ್ಜ ಗಟ್ಟಿ, ಮೊಮ್ಮಗ ಹಾಸಿಗೆ ಹಿಡಿದಿದ್ದಾನೆ! ಆದ್ದರಿಂದ ವಯಸ್ಸನ್ನು ದೂರಿ ಫಲವಿಲ್ಲ. ಆರ್.ಎಸ್.-232 ಎಲ್ಲರೂ ಕೂಡಿ ಒಪ್ಪಿದ, ಯಾರು ಬೇಕಾದರೂ ಕಲಿಯಬಹುದಾದ ಬಯಲಿನ ಮಾತು. ಕಾರ್ಡಿನೊಳಗಿನ ಚಿಪ್ಪಿನದು ಒಂದು ಸಂಸ್ಥೆಯ ಮನೆಮಾತು. ಆ ಮನೆಯವರು ಸುಮ್ಮನಾದ ದಿನ ಅದೂ ಸುಮ್ಮನಾಗುತ್ತದೆ.

ಪೆನ್ ಡ್ರೈವು, ಕೀಲಿಮಣೆ, ಮೌಸುಗಳನ್ನು ಯಾವ ಗಣಕಕ್ಕೆ ಚುಚ್ಚಿದರೂ ಅವು ಕೂಡಲೇ ಕೆಲಸಮಾಡುವ ಗುಟ್ಟೂ ಇದೇ. ಅವುಗಳ ಮಾತನ್ನು ಯು.ಎಸ್.ಬಿ. ಸಂಘ ಮೊದಲೇ ನಿಗದಿಮಾಡಿದೆ. ವ್ಯವಸ್ಥೆಯೇ ಆ ಮಾತನ್ನು ಕಲಿತಿರುತ್ತದೆ. ಪ್ರತ್ಯೇಕ ದುಭಾಷಿ ಬೇಡ. 2021ರಲ್ಲಿ ಅಮೆರಿಕದ ಫ್ರೇಮ್‌ವರ್ಕ್ ಎಂಬ ಸಂಸ್ಥೆ ಬೇಕಾದ ಪೋರ್ಟನ್ನು ಬೇಕಾದಾಗ ಸಿಕ್ಕಿಸುವ ಚಿಕ್ಕ ಕಾರ್ಡುಗಳ ಲ್ಯಾಪ್‌ಟಾಪನ್ನು ಹೊರತಂದಾಗ, ಆ ಕಾರ್ಡುಗಳ ಕೊಂಡಿಯಾಗಿ ಯು.ಎಸ್.ಬಿ.-ಸಿ ಎಂಬ ಸರ್ವರಿಗೂ ಸೇರಿದ ಪೋರ್ಟನ್ನೇ ಆರಿಸಿಕೊಂಡಿತು. ಮೂವತ್ತು ವರ್ಷದ ಅನುಭವ ಕಲಿಸಿದ ಬುದ್ಧಿ ಅದು.

ಲಿನಕ್ಸ್ ವ್ಯವಸ್ಥೆಯಲ್ಲಿ ಡ್ರೈವರುಗಳ ಮೂಲಬರಹವೇ ಬಹಿರಂಗ. ಮಾಡಿದವರು ಕೈಬಿಟ್ಟರೂ ಆಸಕ್ತರು ಅದನ್ನು ಹೊಸ ನಿಯಮಕ್ಕೆ ಹೊಂದಿಸಬಹುದು. ವಿಂಡೋಸಿನಲ್ಲಿ ಮೂಕವಾದ ಕಾರ್ಡು ಲಿನಕ್ಸಿನಲ್ಲಿ ಮಾತಾಡುವುದು ಅಪರೂಪವಲ್ಲ. ಹಾಗೆಂದು ಅಲ್ಲಿಯೂ ಅಮರತ್ವವಿಲ್ಲ. 1991ರಲ್ಲಿ ಲಿನಕ್ಸ್ ಹುಟ್ಟಿದ್ದೇ ಇಂಟೆಲ್ 386 ಚಿಪ್ಪಿನ ಮೇಲೆ. 2013ರ ಆವೃತ್ತಿಯಿಂದ ಆ 386ಕ್ಕೇ ಬೆಂಬಲ ನಿಂತಿತು. ತವರುಮನೆಯ ಬಾಗಿಲೂ ಒಂದು ದಿನ ಮುಚ್ಚುತ್ತದೆ.

ಕನ್ನಡಕ್ಕೂ ಒಂದು ಕಾರ್ಡಿನ ಋಣ

ಕಾರ್ಡು ಹೋಗಿ ಮಾತು ಉಳಿದ ದೊಡ್ಡ ನಿದರ್ಶನವೊಂದು ನಮ್ಮ ಭಾಷೆಯ ಇತಿಹಾಸದಲ್ಲಿಯೇ ಇದೆ. 1980ರ ದಶಕದಲ್ಲಿ ಗಣಕಯಂತ್ರದ ಪರದೆಯ ಮೇಲೆ ಕನ್ನಡ ಮೂಡುವುದೇ ಒಂದು ಪವಾಡವಾಗಿತ್ತು. ಆ ಪವಾಡ ಮಾಡಿ ತೋರಿಸಿದವುಗಳಲ್ಲಿ ‘ಜಿಸ್ಟ್’ ಕಾರ್ಡು ಮುಖ್ಯವಾದದ್ದು. ಕಾನ್ಪುರದ ಐ.ಐ.ಟಿ.ಯಲ್ಲಿ ರೂಪುಗೊಂಡು, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯ ಮೂಲಕ ಬಳಕೆಗೆ ಬಂದ ಈ ಕಾರ್ಡನ್ನು ಮೇಜಿನ ಗಣಕದೊಳಗೆ ನೆಡಬೇಕಾಗಿತ್ತು. ಭಾರತೀಯ ಲಿಪಿಗಳ ಅಕ್ಷರರೂಪಗಳು ಕಾರ್ಡಿನಲ್ಲಿಯೇ ಇರುತ್ತಿದ್ದವು. ಇಂಗ್ಲಿಷಿಗೆಂದು ಮಾಡಿದ ಡಾಸ್ ಕಾಲದ ತಂತ್ರಾಂಶಗಳು ತಮಗೇ ತಿಳಿಯದಂತೆ ಕನ್ನಡದಲ್ಲಿ ವ್ಯವಹರಿಸುತ್ತಿದ್ದವು.

ಆಮೇಲೆ ವಿಂಡೋಸ್ ಬಂದಿತು. ಅಕ್ಷರಗಳನ್ನು ಚಿತ್ರಗಳಂತೆ ತಾನೇ ಬರೆಯುವ ಆ ವ್ಯವಸ್ಥೆಯಲ್ಲಿ ಜಿಸ್ಟ್ ಕಾರ್ಡಿಗೆ ಮಾಡಲು ಕೆಲಸವಿಲ್ಲದಾಯಿತು. ಸೊಗಸಾಗಿ ದುಡಿಯುತ್ತಿದ್ದ ಕಾರ್ಡುಗಳು ಅಲಮಾರು ಸೇರಿದವು. ಆದರೆ ಕನ್ನಡ ಅಲಮಾರು ಸೇರಲಿಲ್ಲ! ಏಕೆಂದರೆ ಆ ಕಾರ್ಡು ಅಕ್ಷರಗಳಿಗೆ ಬಳಸುತ್ತಿದ್ದ ಸಂಖ್ಯಾಕ್ರಮ ಅದರ ಸ್ವಂತದ ಗುಟ್ಟಾಗಿ ಉಳಿಯದೆ, ‘ಇಸ್ಕಿ’ ಎಂಬ ಹೆಸರಿನಲ್ಲಿ 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡದ ಅಕ್ಷರಗಳನ್ನು ಇಸ್ಕಿಯ ಅನುಕ್ರಮವನ್ನೇ ಅನುಸರಿಸಿ ಜೋಡಿಸಿದರು. ಇಂದು ಅತ್ತಿಬೆಲೆಯಿಂದ ಅಮೆರಿಕದವರೆಗೆ ಮೊಬೈಲಿನಲ್ಲಿ ‘ಕ್ಷೇಮವೇ?’ ಎಂದು ಬರೆಯುವ ಪ್ರತಿಯೊಬ್ಬರೂ ಆ ಕ್ರಮದ ಫಲವನ್ನು ಉಣ್ಣುತ್ತಿದ್ದಾರೆ.

ಇದಕ್ಕೆ ಎದುರಾದ ಪಾಠವನ್ನೂ ಕನ್ನಡವೇ ಕಲಿಸಿತು. ವಿಂಡೋಸಿನ ಮೊದಲ ವರ್ಷಗಳಲ್ಲಿ ಬೇರೆ ಬೇರೆ ಸಂಸ್ಥೆಗಳು ಕನ್ನಡದ ಅಕ್ಷರಶೈಲಿಗಳಿಗೆ ತಮತಮಗೆ ತೋಚಿದ ಸಂಖ್ಯೆಗಳನ್ನು ಕೊಟ್ಟವು. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು. ಲೇಖನವಿದೆ, ಕಡತವಿದೆ, ಓದಲು ಬಾರದು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವು ಜನರ ಕೈಗೆ ಕನ್ನಡವನ್ನು ಸುಲಭವಾಗಿ ಒಪ್ಪಿಸಿದವು. ಹಳೆಯ ಅಕ್ಷರಶೈಲಿಗಳಿಂದ ಯೂನಿಕೋಡಿಗೆ ದಾಟಿಸುವ ಪರಿವರ್ತಕಗಳೂ ಬಂದವು. ಇಂದಿಗೂ ಮನೆಯ ಹಳೆಯ ಸಿ.ಡಿ.ಯಲ್ಲಿ ಅಜ್ಜನ ಆತ್ಮಕಥೆಯೋ ಅಮ್ಮನ ಅಡುಗೆಯ ಟಿಪ್ಪಣಿಯೋ ಇದ್ದರೆ, ಅದನ್ನು ಓದಬಲ್ಲ ತಂತ್ರಾಂಶ ಇರುವಾಗಲೇ ಯೂನಿಕೋಡಿಗೆ ತಿರುಗಿಸಿಡುವುದು ಲೇಸು.

ಹಿಂದಿರುಗುವ ಬಾಗಿಲು

ಇನ್ನು ಶೆಡ್ಡಿಗೆ ಮರಳಬಹುದು. ಮೇಸ್ತ್ರಿ ಅಂಕಿಗಳನ್ನು ಒತ್ತುತ್ತಿದ್ದ ಹೊತ್ತಿನಲ್ಲಿ ಮಗ ಒಂದು ಬಾಗಿಲನ್ನು ಕಂಡುಕೊಂಡ. ಹಳೆಯ ವಿಂಡೋಸಿನ ಮೇಲೆಯೇ ಹೊಸದನ್ನು ಹಾಕಿದಾಗ, ಹಳೆಯದನ್ನು ಸಾಮಾನ್ಯವಾಗಿ 10 ದಿನಗಳವರೆಗೆ ಒಂದು ಮೂಲೆಯಲ್ಲಿ ಜೋಪಾನ ಮಾಡಿಟ್ಟಿರುತ್ತದೆ. ‘ಸೆಟ್ಟಿಂಗ್ಸ್’ನ ‘ರಿಕವರಿ’ ವಿಭಾಗದಲ್ಲಿ ಹಿಂದಕ್ಕೆ ಹೋಗುವ ಗುಂಡಿಯಿದೆ. ಅವಧಿ ಮೀರಿದರೆ, ಅಥವಾ ಜಾಗ ಉಳಿಸುವ ಉತ್ಸಾಹದಲ್ಲಿ ಆ ಹಳೆಯ ಕಡತಗಳನ್ನು ಅಳಿಸಿಬಿಟ್ಟರೆ, ಬಾಗಿಲು ಮುಚ್ಚಿತೆಂದೇ ಲೆಕ್ಕ. ಹಬ್ಬ ಮುಗಿದು ಎರಡು ದಿನವೂ ಆಗಿರಲಿಲ್ಲ. ಬಾಗಿಲು ತೆರೆದೇ ಇತ್ತು.

ಆದ್ದರಿಂದ ಮೇಲ್ದರ್ಜೆಗೆ ಏರಿಸಿದ ಮರುದಿನವೇ ಮನೆಯಲ್ಲಿರುವ ಪ್ರತಿಯೊಂದು ಕಾರ್ಡು, ಕೇಬಲ್ಲು, ಸ್ಕ್ಯಾನರನ್ನೂ ಒಮ್ಮೆ ಮಾತಾಡಿಸಿ ನೋಡಬೇಕು. ಹನ್ನೊಂದನೆಯ ದಿನ ನೋಡಿದರೆ ಪ್ರಯೋಜನವಿಲ್ಲ. ಇನ್ನೂ ಒಳ್ಳೆಯದೆಂದರೆ ಮೊದಲೇ ಸಿದ್ಧವಾಗುವುದು. ‘ಡಿವೈಸ್ ಮ್ಯಾನೇಜರ್’ನಲ್ಲಿ ಕಾರ್ಡಿನ ಗುರುತಿನ ಎರಡು ಸಂಖ್ಯೆಗಳನ್ನು ನೋಡಿ ಒಂದು ಕಾಗದದಲ್ಲಿ ಬರೆದಿಡಬೇಕು. ಕಾರ್ಡಿನ ಮೇಲೆ ಅಂಟಿಸಿರುವ ಹೆಸರು ಮಾರಿದವರದು. ಸಂಖ್ಯೆ ಹೇಳುವುದು ಚಿಪ್ಪು ಮಾಡಿದವರನ್ನು. ಮಾರಿದವರು ಮರೆಯಾಗಿದ್ದರೂ ಚಿಪ್ಪು ಮಾಡಿದವರ ಬಳಿ ಹೊಸ ಡ್ರೈವರು ಇರುವುದುಂಟು. ಸಿಕ್ಕಿದ ಡ್ರೈವರನ್ನು ಪೆನ್ ಡ್ರೈವಿನಲ್ಲಿ ತೆಗೆದಿಡಬೇಕು. ‘ಎಲ್ಲ ಡ್ರೈವರುಗಳೂ ಉಚಿತ’ ಎಂದು ಕೂಗುವ ಅಪರಿಚಿತ ತಾಣಗಳಿಂದ ದೂರವಿರಬೇಕು. ಗರ್ಭಗುಡಿಗೆ ದಾರಿಹೋಕರನ್ನು ಬಿಡುವವರು ಯಾರಿದ್ದಾರೆ? ಮುಂದೆ ಕೊಳ್ಳುವಾಗ ‘ಬೆಲೆ ಎಷ್ಟು?’ ಎಂಬ ಪ್ರಶ್ನೆಯ ಜೊತೆಗೆ ‘ಇದು ಆಡುವುದು ಬಯಲಿನ ಮಾತೋ, ಮನೆಮಾತೋ?’ ಎಂಬ ಪ್ರಶ್ನೆಯನ್ನೂ ಕೇಳಬೇಕು.

ಅಪರಾಹ್ನದ ಹೊತ್ತಿಗೆ ಲ್ಯಾಪ್‌ಟಾಪು ಹಳೆಯ ಬಟ್ಟೆ ಉಟ್ಟುಕೊಂಡಿತು. ಮಗ ಗುಂಡಿ ಒತ್ತಿದ. ಲೇತಿನ ಪುಟ್ಟ ಪರದೆಯ ಮೇಲೆ ಅಕ್ಷರಗಳ ಸಾಲುಗಳು ಮಳೆಯಂತೆ ಇಳಿದುಬಂದವು. ಮೇಸ್ತ್ರಿ ತಾನು ಕೈಯಿಂದ ಒತ್ತಿದ್ದನ್ನು ಅದರೊಡನೆ ಹೋಲಿಸಿ ನೋಡಿದ. ಎರಡು ಗಂಟೆಯ ಕೆಲಸದಲ್ಲಿ ಒಂದೇ ಒಂದು ಚುಕ್ಕೆ ತಪ್ಪಿತ್ತು. ಆತ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ.

“ಹಾಗಾದರೆ ಕಾರ್ಡು ಸುಟ್ಟಿರಲಿಲ್ಲ ಅನ್ನು,” ಎಂದರು ಯಜಮಾನರು.

“ಇಲ್ಲ ಅಪ್ಪ. ನಾವೇ ಇನ್ನೇನು ಎಸೆದುಬಿಡುತ್ತಿದ್ದೆವು.”

ಲೆಕ್ಕಪತ್ರಕ್ಕೂ ಬ್ಯಾಂಕಿಗೂ ಮಗನ ಹೊಸ ಲ್ಯಾಪ್‌ಟಾಪು ಗೊತ್ತಾಯಿತು. ಹಳೆಯದರ ಅಂತರಜಾಲದ ಸಂಪರ್ಕವನ್ನು ತೆಗೆದುಹಾಕಿದರು. ಇನ್ನು ಅದು ಲೇತಿನೊಡನೆ ಮಾತ್ರ ಮಾತಾಡುವ ವಾನಪ್ರಸ್ಥ. ಅದರೊಳಗಿದ್ದ ಆಜ್ಞಾಪಟ್ಟಿಗಳೆಲ್ಲದರ ಪ್ರತಿ ಬೇರೊಂದು ಕಡೆ ಭದ್ರವಾಯಿತು. ಮುಂದೊಂದು ದಿನ ಕಾರ್ಡು ನಿಜವಾಗಿಯೇ ಸಾಯಬಹುದೆಂದು, ಹೊಸ ವಿಂಡೋಸಿನಲ್ಲೂ ಕೆಲಸಮಾಡುವ ಒಂದು ಯು.ಎಸ್.ಬಿ. ಕೇಬಲ್ಲನ್ನು ತಂದು, ಪರೀಕ್ಷಿಸಿ, ಪೆಟ್ಟಿಗೆಯಲ್ಲಿಟ್ಟರು. ಬುಷ್ಷುಗಳು ಶನಿವಾರ ಗಡಿ ದಾಟಿದವು.

ಮೇಸ್ತ್ರಿ ಮಾತ್ರ ತನ್ನದೊಂದು ಏರ್ಪಾಡು ಮಾಡಿದ. ದಪ್ಪ ಅಕ್ಷರಗಳಲ್ಲಿ ‘ಯಾರೂ ಹೊಸದು ಹಾಕಕೂಡದು’ ಎಂದು ಬರೆದ ಚೀಟಿಯೊಂದನ್ನು ಲ್ಯಾಪ್‌ಟಾಪಿನ ಹಣೆಗೆ ಅಂಟಿಸಿದ. ಬರುವ ವರ್ಷದ ಆಯುಧಪೂಜೆಯಲ್ಲಿ ಕುಂಕುಮವಿಡುವವರು ಆ ಚೀಟಿಯ ಪಕ್ಕದಲ್ಲಿ ಜಾಗ ಹುಡುಕಬೇಕಾದೀತು.